ಅಂದಾಜು ಹೇಳದ ಮಾಸ್ತರು

ಹೋದ ತಿಂಗಳು ತೀರಿಕೊಂಡ ಮಾಸ್ತರು ನನ್ನನ್ನು ಮೊದಲು ಕಂಡ ದಿನವೇ ಬೈದಿದ್ದರು. ನಾನು ಕೆಲಸ ಮಾಡುವುದು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ, ಮರೆವಿನ ವಿಭಾಗದಲ್ಲಿ. ವಯಸ್ಸಾದವರ ತಲೆಗೆ ಉಪ್ಪುನೀರಿನಲ್ಲಿ ನೆನೆಸಿದ ಸ್ಪಂಜಿನ ತುಂಡುಗಳನ್ನಿಟ್ಟು, ರಬ್ಬರ್ ಪಟ್ಟಿ ಬಿಗಿದು, ಸಣ್ಣದೊಂದು ಪೆಟ್ಟಿಗೆಯಿಂದ ಬಹಳ ಸೌಮ್ಯವಾದ ಕರೆಂಟ್ ಹರಿಸಿದರೆ ನೆನಪು ಸುಧಾರಿಸುತ್ತದೆಯೇ ಎಂದು ಅಲ್ಲಿ ಪ್ರಯೋಗ ನಡೆದಿತ್ತು. ಮೊದಲು ಸ್ವಲ್ಪ ಚುಮುಚುಮು ಎನ್ನುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ. ಸ್ಪಂಜು ಇಡುವಾಗ ನಾನು ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದೆ.

"ಅಂಜಬ್ಯಾಡ್ರಿ ಅಜ್ಜಾರ, ಸುಮಾರು ಇರುವಿ ಕಡದಂಗ ಆಗತೈತಿ."

"ಸುಮಾರು ಅಂದ್ರ? ಕಡೀತೈತೋ, ಕಡಿಯಂಗಿಲ್ಲೋ?" ಅಂದರು. "ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಹೇಳ್ರಿ. ಅಂದಾಜ ಮಾತಾಡಬಾರದು, ಬಾಯಾರ."

ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ ಅವರು ನನ್ನನ್ನು ಬಾಯಾರ ಅಂದದ್ದು ಅದೇ ಮೊದಲು. ಕೊನೆಯವರೆಗೂ ಹಾಗೆಯೇ ಕರೆದರು. ಧಾರವಾಡದ ಒಂದು ಮಿಷನ್ ಶಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಬಡಕಲು ದೇಹ, ಬೇಸಿಗೆಯಲ್ಲೂ ಬಿಡದ ಕರಿ ಕೋಟು, ಕೈಯಲ್ಲಿ ಕೊಡೆ. ವಿಚಾರ ಮಾಡುವಾಗ ಸೀಮೆಸುಣ್ಣದ ಪುಡಿ ಉದುರಿಸುವಂತೆ ಬಲಗೈಯ ಎರಡು ಬೆರಳು ತಿಕ್ಕುತ್ತಿದ್ದರು. ಶಾಲೆ ಬಿಟ್ಟು ಎಷ್ಟೋ ಕಾಲವಾಗಿತ್ತು, ಬೆರಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ನಾನು ಅಮರಗೋಳದ ಕಾಳಿನ ವ್ಯಾಪಾರಿಗಳ ಮನೆಯವಳು. ಚೀಲದೊಳಗೆ ಕೈ ಹಾಕಿ ಇಷ್ಟಾದೀತು, ಅಷ್ಟಾದೀತು ಅನ್ನುತ್ತಲೇ ನಮ್ಮ ಮನೆಯ ಒಲೆ ಉರಿದದ್ದು. ಅಂದಾಜು ಬೇಡವೆನ್ನುವ ಮನುಷ್ಯ ನನಗೆ ಸರಿಬರಲಿಲ್ಲ. ಮುದುಕ ಕಿರಿಕಿರಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಪಟ್ಟಿಯನ್ನು ಬೇಕಾದ್ದಕ್ಕಿಂತ ಒಂದು ತೂತಿನಷ್ಟು ಬಿಗಿಯಾಗಿ ಕಟ್ಟಿದೆ.

ಈ ಪ್ರಯೋಗದಲ್ಲಿ ಒಂದು ಕಟ್ಟಳೆಯಿತ್ತು. ಕೆಲವರಿಗೆ ಮಾತ್ರ ನಿಜವಾದ ಕರೆಂಟ್. ಉಳಿದವರಿಗೆ ಪೆಟ್ಟಿಗೆ ಆರಂಭದಲ್ಲಿ ಚುಮುಚುಮು ಎನಿಸಿ ತಾನೇ ನಿಂತುಬಿಡುತ್ತಿತ್ತು. ಯಾರಿಗೆ ಯಾವುದು ಎಂದು ಕೂತವರಿಗೂ ಗೊತ್ತಿಲ್ಲ, ಪಟ್ಟಿ ಬಿಗಿಯುವ ನನಗೂ ಗೊತ್ತಿಲ್ಲ. ಎಲ್ಲ ಮುಗಿದ ಮೇಲೆಯೇ ಗುಟ್ಟು ಒಡೆಯುವುದು. ಇದನ್ನು ಕೇಳಿದಾಗ ಬಹಳ ಜನ ಮುಖ ಸಣ್ಣದು ಮಾಡುತ್ತಾರೆ. ಮಾಸ್ತರು ಖುಷಿಯಾದರು. "ಹಂಗಾದ್ರ ಖರೇ ಪರೀಕ್ಷಾ ಐತಿ ಬಿಡ್ರಿ," ಅಂದರು.

ಕರೆಂಟ್ ಹರಿಯುವ ಹೊತ್ತಿನಲ್ಲಿ ನಾನು ಸಂಬಂಧವಿಲ್ಲದ ಹಲವು ಶಬ್ದಗಳನ್ನು ಓದಿ ಹೇಳುತ್ತಿದ್ದೆ. ಕುದುರೆ, ಕೊಡಲಿ, ಉಪ್ಪು, ಏಣಿ, ಹೀಗೆ. ಸ್ವಲ್ಪ ಹೊತ್ತು ಬಿಟ್ಟು ಅವರು ತಿರುಗಿ ಹೇಳಬೇಕು. ಅದೇ ಸರದಿಯಲ್ಲಿ ಬರುತ್ತಿದ್ದ ನಿವೃತ್ತ ಕಂಡಕ್ಟರರೊಬ್ಬರು ಬಾಯಿಗೆ ಬಂದದ್ದನ್ನೆಲ್ಲ ಸುರಿದು, ಅದರಲ್ಲಿ ನಾಲ್ಕು ಸರಿ ಬಿದ್ದರೆ ಮೀಸೆ ತಿರುವುತ್ತಿದ್ದರು. ಮಾಸ್ತರು ಗೊತ್ತಿದ್ದಷ್ಟು ಹೇಳಿ ಬಾಯಿ ಮುಚ್ಚುತ್ತಿದ್ದರು.

"ಯಾವುದರ ಒಂದು ಹೇಳ್ರಿ ಮಾಸ್ತರ, ತಪ್ಪಾದ್ರ ಏನೂ ಆಗಂಗಿಲ್ಲ," ಅಂದೆ ಒಮ್ಮೆ.

"ತಪ್ಪಾದ್ರ ನಡೀತೈತಿ. ಅಂದಾಜ ಆದ್ರ ನಡಿಯಂಗಿಲ್ಲ."

"ಎರಡೂ ಒಂದ ಅಲ್ಲೇನ್ರಿ?"

"ಅಲ್ರಿ. ತಪ್ಪು ಹೇಳಾಂವಗ ತಾ ತಪ್ಪು ಅಂತ ಗೊತ್ತಿರಂಗಿಲ್ಲ. ಅಂದಾಜ ಹೇಳಾಂವಗ ತನಗ ಗೊತ್ತಿಲ್ಲ ಅನ್ನೂದು ಪಕ್ಕಾ ಗೊತ್ತಿರತೈತಿ."

ಅವರು ಶಬ್ದಗಳನ್ನು ನೆನಪಿಡುವ ರೀತಿಯೂ ಬೇರೆ. ಒಂದೊಂದನ್ನೂ ಹುಡುಗನೆಂದು ತಿಳಿದು ಮನಸ್ಸಿನಲ್ಲೇ ಬೆಂಚಿನ ಮೇಲೆ ಕೂಡಿಸುತ್ತಿದ್ದರು. "ಕುದುರಿ ಮೊದಲನೇ ಬೆಂಚು, ಕಿಡಕಿ ಬಾಜು. ಅದರ ಮಗ್ಗಲ ಕೊಡಲಿ. ಹಿಂದ ಉಪ್ಪು," ಎಂದು ಹಾಜರಿ ತೆಗೆದುಕೊಂಡಂತೆ ಹೇಳುತ್ತ ಹೋಗುವರು. ನಡುವೆ ಸಿಕ್ಕಿಬಿದ್ದರೆ ಬೆರಳು ತಿಕ್ಕುವರು. ಒಂದು ದಿನ ಹಾಗೆಯೇ ನಿಂತು, "ಎರಡನೇ ಬೆಂಚಿನ ತುದೀಗೆ ಯಾರೋ ಕುಂತಾರ. ಮಾರಿ ಕಾಣವಲ್ದು. ಮುಂದಿನಾಂವ ಏಣಿ," ಅಂದರು. ನಾನು ಕಾಗದ ನೋಡಿದೆ. ಅವರು ಬಿಟ್ಟ ಶಬ್ದ ಸರಿಯಾಗಿ ಅದೇ ಜಾಗದಲ್ಲಿತ್ತು. ಹೆಸರು ಮರೆತಿದ್ದರು, ಮರೆತದ್ದು ಎಲ್ಲಿ ಕೂತಿದೆ ಎಂಬುದನ್ನು ಮರೆತಿರಲಿಲ್ಲ. ಅದಕ್ಕೆ ಅಂಕ ಕೊಡುವ ಕಾಲಂ ನಮ್ಮಲ್ಲಿರಲಿಲ್ಲ.

ಅವರು ಯಾಕೆ ಈ ಪ್ರಯೋಗಕ್ಕೆ ಬಂದರು ಎಂಬುದು ನನಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಗೊತ್ತಾಯಿತು. ಚಹಾವನ್ನು ಬಸಿಯಲ್ಲಿ ಸುರಿದುಕೊಂಡು, ಕುಡಿಯದೆ ನೋಡುತ್ತ ಕೂತಿದ್ದರು.

"ನನಗ ಎಲ್ಲಾ ನೆನಪು ಬ್ಯಾಡ್ರಿ ಬಾಯಾರ. ಒಂದ ಒಂದು ಜಾಗಾ ನೆನಪಾಗಬೇಕು. ಲಗೂ ಆಗಬೇಕು."

ಧಾರವಾಡದಲ್ಲಿ ಅವರ ಕ್ರೈಸ್ತ ಸಭೆಯವರ ಹಳೆಯ ಸಮಾಧಿ ತೋಟ ಯಾವಾಗಲೋ ತುಂಬಿಹೋಗಿತ್ತು. ಈಗ ಅಲ್ಲಿ ಹೊಸ ಗುಂಡಿ ತೋಡುವಂತಿಲ್ಲ. ತಮ್ಮ ಮನೆಯವರದೇ ಹಳೆಯ ಗೋರಿಯಿದ್ದರೆ ಅದನ್ನೇ ತೆಗೆದು ಮತ್ತೊಬ್ಬರನ್ನು ಇಡಬಹುದು. ಇಲ್ಲವೆಂದರೆ ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಆಚೆ, ತಂತಿಬೇಲಿ ಹಾಕಿಸಿದ ಹೊಸ ಜಾಗಕ್ಕೇ ಹೋಗಬೇಕು. ಹಿಂದೆ ಗೋಡೆ ಕಟ್ಟಿಸುವಾಗ ನೆಲ ಸಮ ಮಾಡಿದ್ದರಿಂದ ಕಲ್ಲಿಲ್ಲದ ಬಡವರ ಗೋರಿಗಳೆಲ್ಲ ಹುಲ್ಲಿನಡಿ ಸೇರಿದ್ದವು. ಯಾವುದು ಎಲ್ಲಿ ಎಂದು ಬಲ್ಲವರು ಮಾಸ್ತರೊಬ್ಬರೇ. ಹುಡುಗನಾಗಿದ್ದಾಗಿನಿಂದ ಒಂದು ಮಣ್ಣನ್ನೂ ತಪ್ಪಿಸದವರು. ಅವರು ಕೊಡೆಯ ತುದಿಯಿಂದ ತೋರಿಸಿದಲ್ಲಿ ಅಗೆಯುವುದು ರೂಢಿ.

ಹಿಂದಿನ ವರ್ಷ ಯಾರದೋ ಮಣ್ಣಿಗೆಂದು ಅವರು ಗೇಟಿನಿಂದ ಸೀದಾ ನಡೆದು ಹೋಗಿ ಒಂದು ಕಡೆ ಕೊಡೆ ಊರಿದ್ದರು. ಅಗೆದಾಗ ಸಿಕ್ಕಿದ್ದು ಬೇರೆ ಮನೆಯವರ ಪೆಟ್ಟಿಗೆ. ಹೆಣವನ್ನು ನಡುದಾರಿಯಲ್ಲಿ ಇಳಿಸಿ ಎರಡು ಮನೆಯವರು ಕೈಕೈ ಮಿಲಾಯಿಸಿದರು. ಮಾಸ್ತರು ಅಂದಿನಿಂದ ತೋಟದೊಳಗೆ ಕಾಲಿಟ್ಟಿರಲಿಲ್ಲ.

ಈಗ ಹಾಸಿಗೆ ಹಿಡಿದ ಅವರ ಅಕ್ಕನ ಸರದಿ ಹತ್ತಿರ ಬಂದಿತ್ತು. ಅಕ್ಕ ನರ್ಸಾಗಿ ದುಡಿದವರು. ಸೈನ್ಯದಲ್ಲಿದ್ದ ಗಂಡ ದೂರದಲ್ಲೆಲ್ಲೋ ತೀರಿಕೊಂಡಾಗ ಆಕೆ ಬಸುರಿ. ಹೆಣ್ಣು ಕೂಸು ಹುಟ್ಟಿ, ಒಂದು ಹಗಲು ಬದುಕಿ, ಹೋಯಿತು. ಬಾಣಂತಿ ಹಾಸಿಗೆಯಲ್ಲಿದ್ದಳು. ಆಗಿನ್ನೂ ಹೊಸದಾಗಿ ಮಾಸ್ತರನಾಗಿದ್ದ ತಮ್ಮ ಶಾಲೆಯ ಬಡಗಿ ಕಾರ್ಖಾನೆಯಲ್ಲಿ ತಾನೇ ಹಲಗೆ ಕೊಯ್ದು, ಮೊಳೆ ಹೊಡೆದು ಪುಟ್ಟ ಪೆಟ್ಟಿಗೆ ಮಾಡಿ, ಎದೆಗವಚಿಕೊಂಡು ಹೋಗಿ ಮಣ್ಣು ಮಾಡಿ ಬಂದ. ದೀಕ್ಷಾಸ್ನಾನ ಆಗದ ಕೂಸಿಗೆ ಹೆಸರಿಲ್ಲ. ಹೆಸರಿಲ್ಲದ ಕೂಸಿಗೆ ಕಲ್ಲೂ ಇಲ್ಲ. ಜಾಗ ತೋರಿಸುತ್ತೇನೆಂದರೆ ಅಕ್ಕ ಬೇಡವೆಂದಿದ್ದಳಂತೆ. ವರ್ಷಾವರ್ಷ ಈಸ್ಟರಿನ ನಸುಕಿನಲ್ಲಿ ಎಲ್ಲರೂ ತಂತಮ್ಮವರ ಗೋರಿಗೆ ಮೇಣದಬತ್ತಿ ಹಚ್ಚುವಾಗ ಆಕೆ ಗೋಡೆಯ ಬುಡದಲ್ಲಿ ಒಂದು ಹಚ್ಚಿ ಬರುತ್ತಿದ್ದಳು.

"ಈಗ ಕೇಳಾಕತ್ತಾಳ," ಅಂದರು ಮಾಸ್ತರು. "ನನ್ನ ಕೂಸಿನ ಕಡೆ ಇಡು ಅಂತಾಳ. ಎಲ್ಲಿಟ್ಟೀನಿ ಅಂತ ನನಗ ನೆನಪಾಗವಲ್ದು."

ಅವರ ಕಣ್ಣು ನೋಡಲಾಗದೆ ನಾನು ಬಸಿಯ ಕಡೆ ನೋಡಿದೆ. ಚಹಾ ಕೆನೆಗಟ್ಟಿತ್ತು.

ಅಂದಿನಿಂದ ನನಗೂ ಸಮಾಧಾನ ಹೋಯಿತು. ಪ್ರತಿ ಸಲ ಪೆಟ್ಟಿಗೆಯ ಗುಂಡಿ ಒತ್ತುವಾಗ ಇವರಿಗೆ ನಿಜವಾದದ್ದೇ ಹರಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಪ್ರಯೋಗ ಮಾಡುವವಳು ಹಾಗೆ ಬೇಡಿಕೊಳ್ಳಬಾರದು. ಅವರು ಶಬ್ದಗಳನ್ನು ಸ್ವಲ್ಪ ಹೆಚ್ಚು ಹೇಳತೊಡಗಿದರು. ಡಾಕ್ಟರು ಖುಷಿಪಟ್ಟರು. ನನಗೆ ಡಾಕ್ಟರ ಮೇಲೆ ಸಿಟ್ಟು ಬಂತು. ಏಣಿ, ಉಪ್ಪು, ಕೊಡಲಿ ಕಟ್ಟಿಕೊಂಡು ಈ ಮನುಷ್ಯ ಏನು ಮಾಡಬೇಕು? ಪ್ರತಿ ಸಲ ಪಟ್ಟಿ ಬಿಚ್ಚಿದ ಮೇಲೆ ನಾನು ಕೇಳುವುದಕ್ಕೆ ಮೊದಲೇ ಅವರು ತಲೆ ಅಲ್ಲಾಡಿಸುತ್ತಿದ್ದರು. ಜಾಗ ಬಂದಿಲ್ಲ.

ಒಂದು ಶನಿವಾರ ಅಕ್ಕನಿಗೆ ಉಸಿರು ಕಟ್ಟಿ ಧಾರವಾಡದ ಆಸ್ಪತ್ರೆಗೆ ಸೇರಿಸಿದರು. ಮನೆಯವರನ್ನು ಕರೆಸಿಕೊಳ್ಳಿ ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ಮನೆಯವರೆಂದರೆ ಮದುವೆಯಾಗದ ಈ ತಮ್ಮನೊಬ್ಬರೇ. ಅವರು ನನಗೆ ಫೋನು ಮಾಡಿದರು.

"ಬಾಯಾರ, ಆ ಪಟ್ಟಿ ಇವತ್ತ ಇನ್ನೊಮ್ಮೆ ಕಟ್ಟಾಕ ಆಗತೈತೇನ್ರಿ? ಸ್ವಲ್ಪ ಜೋರ ಇಟ್ಟು?"

"ಹಂಗ ಮಾಡಾಕ ಬರಂಗಿಲ್ರಿ ಮಾಸ್ತರ. ಜೋರ ಇಟ್ಟರ ಜಾಸ್ತಿ ನೆನಪಾಗತೈತಿ ಅಂತಿಲ್ಲ."

ಅಂದಾಜಿಗೆಂದು ಏನನ್ನೂ ಕೇಳದ ಮನುಷ್ಯ ಇದನ್ನು ಕೇಳಿದ್ದು ನನಗೆ ಸಂಕಟವಾಯಿತು. ಫೋನು ಇಟ್ಟ ಮೇಲೆ ಅವರ ಬೆಂಚುಗಳು ನೆನಪಾದವು. ಎರಡನೇ ಬೆಂಚಿನ ತುದಿಗೆ ಯಾರೋ ಕೂತಿದ್ದಾರೆ, ಮುಖ ಕಾಣುತ್ತಿಲ್ಲ. ತಿರುಗಿ ಫೋನು ಹಚ್ಚಿ, "ಚಕ್ಕಡಿ ಸಿಕ್ಕರೂ ಸೈ, ಆಟೋ ಸಿಕ್ಕರೂ ಸೈ, ಸಮಾಧಿ ತ್ವಾಟದ ಗೇಟಿಗೆ ಬಂದು ನಿಲ್ರಿ, ನಾನೂ ಬರತೇನಿ," ಎಂದೆ.

ಅವರು ಗೇಟಿನ ಹೊರಗೇ ನಿಂತಿದ್ದರು. ಒಳಗೆ ಬರಲು ಹೆದರಿಕೆ. ನಾನೇ ಮೊದಲು ಕಾಲಿಟ್ಟೆ.

"ನಿಮ್ಮ ಮಂದೀನೂ ಹುಗೀತಾರಲ್ರಿ?" ಅಂದರು, ಧೈರ್ಯ ತಂದುಕೊಳ್ಳಲೆಂದು.

"ಹೂಂರಿ. ನಾವು ಲಿಂಗಾಯತರು ಕುಂಡ್ರಿಸಿ ಹುಗೀತೇವಿ."

"ಹಾಜರಿ ತಗೊಳ್ಳಾಕ ನಿಮ್ಮದ ಛಲೋ ಹಂಗಾದ್ರ. ನಮ್ಮವರು ಮಲಗಿಬಿಟ್ಟಾರ."

"ಅದನ್ನ ಮಾಡೂನ್ರಿ. ಮಲಗಿದವರದ್ದ ಹಾಜರಿ ತಗೊಳ್ರಿ."

ಪಡುವಣ ಗೋಡೆಗುಂಟ ಒಂದು ಸಾಲು. ಕೂಸು ಅದೇ ಸಾಲಿನಲ್ಲಿ ಇರುವುದು ಖಾತ್ರಿ ಎಂದು ಅವರೇ ಹೇಳಿದ್ದರು. ಸಾಲಿನ ಎರಡೂ ತುದಿಗೆ ಮಾತ್ರ ಕಲ್ಲಿದ್ದವು. ಈ ತುದಿಗೆ ಊರೂರು ತಿರುಗಿ ಬೈಬಲ್ ಮಾರುತ್ತಿದ್ದ ಯೋನಪ್ಪ, ಆ ತುದಿಗೆ ಬೋರ್ಡಿಂಗಿನಲ್ಲಿ ಅಡಿಗೆ ಮಾಡುತ್ತಿದ್ದ ಎಸ್ತರಬಾಯಿ. ನಡುವೆ ಬರೀ ಹುಲ್ಲು. ಮಾಸ್ತರು ಯೋನಪ್ಪನ ಕಲ್ಲಿನ ಮುಂದೆ ನಿಂತು ಕೋಟಿನ ಗುಂಡಿ ಹಾಕಿಕೊಂಡರು. ತರಗತಿಗೆ ಹೋಗುವ ಮುಂಚೆ ಹಾಗೆ ಹಾಕಿಕೊಳ್ಳುತ್ತಿದ್ದರೇನೋ.

"ಯೋನಪ್ಪ," ಎಂದು ಕರೆದು, ಒಂದು ಗೋರಿಯ ಅಗಲ ಸರಿದರು. "ರೂತಮ್ಮ. ಸಾಲಿ ಜವಾನ ದಾನಪ್ಪ." ಮತ್ತೆ ಸರಿದರು. ಒಬ್ಬೊಬ್ಬರ ಹೆಸರಿಗೂ ಕಾಲು ತಾನಾಗಿ ಮುಂದೆ ಹೋಗುತ್ತಿತ್ತು. ಕಂಪೌಂಡರ್ ಸಮಾಧಾನಪ್ಪ, ಅವನ ಮುಂದಿನವರು, ಅವರ ಮುಂದಿನವರು. "ಎಸ್ತರಬಾಯಿ," ಎಂದು ನಿಂತರು. ಎಸ್ತರಬಾಯಿಯ ಕಲ್ಲು ಅವರಿಂದ ಇನ್ನೂ ಒಂದು ಹೆಜ್ಜೆ ದೂರವಿತ್ತು.

ಅವರು ನನ್ನ ಕಡೆ ತಿರುಗಿದರು. "ನೋಡಿದ್ರೇನ್ರಿ? ಲೆಕ್ಕ ತಾಳೆ ಬೀಳವಲ್ದು. ಇಷ್ಟೂ ಮಂದೀನ ಮರತೇನಿ."

"ಮರತಿಲ್ರಿ. ಒಬ್ಬಾಕೀನ ಕರದಿಲ್ಲ ನೀವು. ಹೆಸರ ಇಲ್ಲದಾಕೀನ ಹೆಂಗ ಕರೀತೀರಿ?" ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಕರೀಬ್ಯಾಡ್ರಿ. ಯಾರೋ ಕುಂತಾರ, ಮಾರಿ ಕಾಣವಲ್ದು ಅಂತ ಎಲ್ಲಿ ಅನಸ್ತೈತೋ, ಅಲ್ಲಿ ಬರೇ ನಿಲ್ರಿ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ತಿರುಗಿ ಯೋನಪ್ಪನ ಹತ್ತಿರ ಹೋದರು. ಈ ಸಲ ಕಣ್ಣು ಮುಚ್ಚಿಕೊಂಡು ಬಂದರು. ಎಡವಿ ಬಿದ್ದಾರೆಂದು ನಾನು ಪಕ್ಕದಲ್ಲೇ ನಡೆದೆ. ಹೊರಗೆ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು, ಎಲ್ಲಿ ಎಣಿಕೆ ತಪ್ಪುತ್ತದೋ ಎಂದು. "ಕಂಪೌಂಡರ್ ಸಮಾಧಾನಪ್ಪ," ಅಂದರು. ಮುಂದಿನ ಹೆಸರಿಗೆ ಬಾಯಿ ತೆರೆದರು. ಮುಚ್ಚಿದರು. ಬೆರಳು ತಿಕ್ಕಿದರು. ಒಂದು ಸಣ್ಣ ಹೆಜ್ಜೆ ಮಾತ್ರ ಸರಿದು, ಆಮೇಲೆ ಮುಂದಿನ ಹೆಸರು ಕರೆದರು. ಎಸ್ತರಬಾಯಿ ಎನ್ನುವಾಗ ಅವರ ಬೂಟು ಎಸ್ತರಬಾಯಿಯ ಕಲ್ಲಿಗೆ ತಾಗಿತು.

ನನಗೆ ಕೂಗಬೇಕೆನಿಸಿತು. ಅವರು ಕೈಯೆತ್ತಿ ತಡೆದರು. ಲೆಕ್ಕ ತಾಳೆ ನೋಡದೆ ಬಿಡುವ ಮಾಸ್ತರೇ ಅವರು? ಆ ತುದಿಯಿಂದ ಈ ತುದಿಗೆ ಹಿಂದುಮುಂದಾಗಿ ಹೆಸರು ಕರೆಯುತ್ತ ಬಂದರು. ಅದೇ ಜಾಗದಲ್ಲಿ ನಿಂತರು. ಆಗ ಕೊಡೆ ಊರಿದರು.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದೆವು. ಅಕ್ಕ ಗುಬ್ಬಿಯಷ್ಟಾಗಿದ್ದರು. ಮಾಸ್ತರು ಬಗ್ಗಿ ಕಿವಿಯ ಹತ್ತಿರ, "ಸಿಕ್ಕಾಳಕ್ಕಾ. ಸಮಾಧಾನಪ್ಪ ಕಾಕಾನ ಮಗ್ಗಲಕ್ಕ ಅದಾಳ," ಅಂದರು.

ಆಕೆ ತಮ್ಮನ ಕೈ ಹಿಡಿದು, "ಸುಲೋಚನಾ," ಅಂದರು.

"ಯಾರು?"

"ಆಕಿ ಹೆಸರೋ. ಇಡಬೇಕಂತಿದ್ದೆ."

"ಇಷ್ಟು ವರ್ಷ ಹೇಳಲೇ ಇಲ್ಲಲ್ಲ ನೀ."

"ನೀ ಕೇಳಲಿಲ್ಲ."

ಮರುದಿನ ಆಕೆ ಹೋದರು. ಗುಂಡಿ ತೋಡುವ ಹೊತ್ತಿಗೆ ನಾನೂ ಹೋಗಿದ್ದೆ. ಹಿಂದಿನ ವರ್ಷದ ಜಗಳ ಯಾರೂ ಮರೆತಿರಲಿಲ್ಲ. ಸಭೆಯ ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ ಕೇಳಿದರು.

"ಮಾಸ್ತರ, ಖಾತ್ರಿ ಏನ್ರಿ? ಇನ್ನೊಬ್ಬರ ಪೆಟಗಿಗೆ ಸಲಿಕಿ ತಾಗಿದ್ರ ಈ ಸಲ ನಾವು ತಡ್ಯಾಕ ಆಗಂಗಿಲ್ಲ."

"ಅಂದಾಜ ಹೇಳಿದ್ದು ಯಾವಾಗರ ಕೇಳೀರೇನು ನನ್ನ ಬಾಯಾಗ?"

"ಇನ್ನೊಂದು ಮಾತು. ಒಮ್ಮೆ ತಗದ ಗೋರಿ ಮತ್ತ ಲಗೂ ತಗ್ಯಾಕ ಬರಂಗಿಲ್ಲ. ನಿಮ್ಮ ಪಾಳಿ ಬಂದಾಗ ನೀವು ಆ ಹೊಸಾ ಜಾಗಾಕ್ಕ ಹೋಗಬೇಕಾಗತೈತಿ."

ಇದು ನನಗೆ ಹೊಳೆದಿರಲಿಲ್ಲ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಆ ಮನೆಗೆ ಉಳಿದದ್ದು ಅದೊಂದೇ ಜಾಗ.

"ಹೊಸಾ ಸಾಲಿ ತಗದಾಗ ಮೊದಲನೇ ದಿನ ಯಾರರ ಒಬ್ಬರು ಬಂದು ಕುಂಡ್ರಬೇಕಲ್ರಿ," ಎಂದು ಮಾಸ್ತರು ಅಗೆಯುವವನಿಗೆ ಕೈ ಮಾಡಿದರು.

ಸಲಿಕೆ ಎರೆಮಣ್ಣಿಗೆ ಇಳಿಯುವ ಪ್ರತಿ ಸದ್ದಿಗೂ ಜನರ ಉಸಿರು ನಿಲ್ಲುತ್ತಿತ್ತು. ಮೊಣಕಾಲು ಆಳ, ಸೊಂಟದ ಆಳ. ಕಟ್ಟಿಗೆ ಸಿಗಲಿಲ್ಲ, ಎಲುಬು ಸಿಗಲಿಲ್ಲ. ಅಗೆಯುವವನು ಒಮ್ಮೆ ಬಗ್ಗಿದಾಗ ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವನು ಅಂಗೈಯಲ್ಲಿ ಏನೋ ಹಿಡಿದು ಮಾಸ್ತರಿಗೆ ಕೊಡುತ್ತಿದ್ದ. ತುಕ್ಕು ಹಿಡಿದು ದಪ್ಪವಾದ ಸಣ್ಣ ಸಣ್ಣ ಮೊಳೆಗಳು. ಮಾಸ್ತರು ಮುಷ್ಟಿ ಮುಚ್ಚಿದರು. ಪ್ರಾರ್ಥನೆ ಮುಗಿಯುವವರೆಗೂ ತೆರೆಯಲಿಲ್ಲ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ಅತ್ತೆ, ಯಾರ ಸಂಬಂಧಿಕಳೂ ಅಲ್ಲದವಳು.

ಪ್ರಯೋಗ ಮುಗಿದು ಗುಟ್ಟು ಒಡೆದಾಗ ಮಾಸ್ತರಿಗೆ ನಿಜವಾದ ಕರೆಂಟೇ ಹರಿದಿತ್ತೆಂದು ಗೊತ್ತಾಯಿತು. ಓಡಿಹೋಗಿ ಹೇಳಬೇಕೆಂದುಕೊಂಡೆ. ಆದರೆ ಆ ಕಂಡಕ್ಟರರಿಗೂ ನಿಜವಾದದ್ದೇ ಹರಿದಿತ್ತು, ಅವರಿಗೆ ಮೊಮ್ಮಗನ ಹೆಸರು ಹೊಳೆಯುತ್ತಿರಲಿಲ್ಲ. ಪೆಟ್ಟಿಗೆ ನೆನಪಿಸಿತೋ, ಹಾಜರಿ ನೆನಪಿಸಿತೋ ಎಂದು ಮಾಸ್ತರೇ ಕೇಳಿದಾಗ, "ಗೊತ್ತಿಲ್ರಿ," ಎಂದೆ. "ಶಾಣ್ಯಾ ಆದ್ರಿ ಬಾಯಾರ," ಅಂದರು.

ಆಮೇಲೆ ಮರೆವು ಅವರನ್ನು ಮೆಲ್ಲಗೆ ಪೂರ್ತಿ ತೆಗೆದುಕೊಂಡಿತು. ಕರೆಂಟ್ ಅದನ್ನು ತಡೆಯಲಿಲ್ಲ. ನೋಡಲು ಹೋದರೆ ಬಾಯಾರ ಎಂದು ಕರೆಯುತ್ತಿದ್ದರು, ಯಾವ ಬಾಯಾರು ಎಂದು ಗೊತ್ತಿರುತ್ತಿರಲಿಲ್ಲ. ಆದರೆ ಕೋಟಿನ ಗುಂಡಿ ಹಾಕಿಕೊಂಡು ಆ ಸಾಲಿನ ಹಾಜರಿ ಮಾತ್ರ ತೆಗೆದುಕೊಳ್ಳುತ್ತಿದ್ದರು. ಸಮಾಧಾನಪ್ಪನ ನಂತರ ನಿಲ್ಲುತ್ತಿರಲಿಲ್ಲ. "ಸುಲೋಚನಾ. ಅಕ್ಕ," ಎಂದು ಕರೆದು ಮುಂದೆ ಹೋಗುತ್ತಿದ್ದರು.

ಹೋದ ತಿಂಗಳು ಅವರನ್ನು ಬೇಲೂರಿನಾಚೆಯ ಆ ಹೊಸ ಜಾಗದಲ್ಲಿ ಮಣ್ಣು ಮಾಡಿದರು. ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತು, ರಸ್ತೆಯ ತುಂಬ ಬೈಕುಗಳು. ಅಲ್ಲಿ ಇನ್ನೂ ಯಾರೂ ಇಲ್ಲ. ಮೊದಲ ಸಾಲಿನಲ್ಲಿ ಅವರೊಬ್ಬರೇ. ಕಲ್ಲು ಹಾಕಿಸಲು ಮನೆಯವರಿಲ್ಲ, ಮಳೆಗಾಲ ಬಂದರೆ ಮಣ್ಣು ಕೂತು ಹುಲ್ಲು ಬೆಳೆಯುತ್ತದೆ. ಎಲ್ಲರೂ ಹೋದ ಮೇಲೆ ನಾನು ಗೇಟಿನಿಂದ ಅವರವರೆಗೆ, ಅವರಿಂದ ಗೇಟಿನವರೆಗೆ, ಹೆಜ್ಜೆ ಎಣಿಸುತ್ತ ಹಿಂದುಮುಂದಾಗಿ ನಡೆದು ತಾಳೆ ನೋಡಿ ಬಂದಿದ್ದೇನೆ. ನಾಳೆ ಯಾರಾದರೂ ಬಂದು ಮಾಸ್ತರು ಎಲ್ಲಿ ಎಂದು ಕೇಳಿದರೆ ಅಂದಾಜು ಹೇಳುವುದಿಲ್ಲ.